7 ಕೆಜಿ ಹೊದಿಕೆಯೋ, 20 ರೂಪಾಯಿ ನೋಟ್‌ಬುಕ್ಕೋ: ನಿದ್ದೆಗಾಗಿ ನಾನು ಮಾಡಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ, ಗೆದ್ದದ್ದು ನೋಟ್‌ಬುಕ್. ಸೋತದ್ದಕ್ಕೆ ನಾನು ಕೊಟ್ಟದ್ದು 3,200 ರೂಪಾಯಿ.

ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಮಾರ್ಚ್ 31 ಹತ್ತಿರ ಬಂತೆಂದರೆ ನನ್ನ ನಿದ್ದೆ ಊರು ಬಿಡುತ್ತದೆ. ಈ ಸಲ ತಂಗಿಯ ಮದುವೆಯ ಸಾಲವೂ ಜೊತೆಗೆ ಸೇರಿತು. ಹತ್ತೂವರೆಗೆ ಮಲಗಿದರೆ ರಾತ್ರಿ ಎರಡರವರೆಗೆ ಫ್ಯಾನ್ ನೋಡುತ್ತಾ ಬಿದ್ದಿರುತ್ತಿದ್ದೆ. "ಅರ್ಧ ಗುಳಿಗಿ ತಗೋ, ಬೆಳತನ ಎಚ್ಚರಾಗಂಗಿಲ್ಲ" ಎಂದ ಮಿಲ್ಲಿನ ಗೆಳೆಯ. ನನಗೆ ಭಯ ಇದ್ದದ್ದೇ ಅದಕ್ಕೆ. ಬೆಳಿಗ್ಗೆ ಬೈಕ್ ಓಡಿಸಬೇಕು, ಅಂಕಿ ಕೂಡಿಸಬೇಕು. ಅದರಲ್ಲೂ ಇನ್ನೊಬ್ಬರಿಗೆ ಬರೆದುಕೊಟ್ಟ ಗುಳಿಗೆ ಬೇಡವೇ ಬೇಡ.

ಆಗ ಮೊಬೈಲಿನಲ್ಲಿ ಕಣ್ಣಿಗೆ ಬಿದ್ದದ್ದು ಭಾರದ ಹೊದಿಕೆ. ಒಳಗೆ ಗಾಜಿನ ಸಣ್ಣ ಸಣ್ಣ ಮಣಿ ತುಂಬಿರುತ್ತಾರೆ. ಯಾರೋ ಅಪ್ಪಿಕೊಂಡಂತೆ ಮೈ ಮೇಲೆ ಒತ್ತಡ ಬಿದ್ದು ಮನಸ್ಸು ಹಗುರಾಗುತ್ತದಂತೆ. ನಮ್ಮ ತೂಕದ ಹತ್ತನೇ ಒಂದು ಭಾಗ ಇರಬೇಕು ಅಂತ ಬರೆದಿತ್ತು. ನಾನು 70 ಕೆಜಿ, ಹಾಗಾಗಿ 7 ಕೆಜಿಯದ್ದು ತರಿಸಿದೆ. ಬಂದದ್ದು ಏಪ್ರಿಲ್ ಮೊದಲ ವಾರ. ಈ ಊರಿನ ಏಪ್ರಿಲ್ ಗೊತ್ತಿರುವವರು ಈಗಲೇ ನಗುತ್ತಿರಬೇಕು.

ಅವ್ವ ಎತ್ತಿ ನೋಡಿದಳು. "ಯಪ್ಪಾ, ಬ್ಯಾಳಿ ಚೀಲ ಮೈಮ್ಯಾಲ ಹಾಕ್ಕೊಂಡು ಮಲಗ್ತಿ ಏನೋ?" ಎಂದಳು.

ಒತ್ತಡ ಹಿತವಾಗಿಯೇ ಇತ್ತು, ಸುಳ್ಳು ಹೇಳಬಾರದು. ಆದರೆ ಅದು ಹತ್ತೇ ನಿಮಿಷ. ಆಮೇಲೆ ಬೆನ್ನು ಒದ್ದೆ. ಹೊರಗಿನ ಬಟ್ಟೆ ಪಾಲಿಯೆಸ್ಟರ್, ಗಾಳಿ ಆಡುವುದೇ ಇಲ್ಲ. ಕೂಲರ್ ಗಾಳಿ ಮುಖಕ್ಕೆ ಬರುತ್ತದೆ, ಹೊದಿಕೆಯ ಕೆಳಗೆ ಬರುವುದಿಲ್ಲ. ನಿದ್ದೆ ಹತ್ತಬೇಕಾದರೆ ಮೈಯ ಒಳಗಿನ ಬಿಸಿ ಸ್ವಲ್ಪ ಇಳಿಯಬೇಕು. ನಾನು ಅದನ್ನೇ ಒಳಗೆ ಕೂಡಿಹಾಕಿ ಮಲಗಿದ್ದೆ.

ನಾಲ್ಕು ರಾತ್ರಿಗೆ ಬೆವರಿನ ವಾಸನೆ ಹಿಡಿಯಿತು. ವಾಷಿಂಗ್ ಮಷಿನ್‌ಗೆ ಹಾಕೋಣ ಅಂದರೆ ನಮ್ಮದು 6.5 ಕೆಜಿಯದ್ದು. ಬಕೆಟ್‌ನಲ್ಲಿ ನೆನೆಸಿದೆ. ಒದ್ದೆಯಾದ ಮೇಲೆ ಅದರ ತೂಕ ಕೇಳಬೇಡಿ. ನಾನೊಂದು ಕಡೆ, ಅವ್ವ ಒಂದು ಕಡೆ ಹಿಡಿದು ಮಾಳಿಗೆಗೆ ಒಯ್ದೆವು. ಹಗ್ಗಕ್ಕೆ ಹಾಕಿದರೆ ಹಗ್ಗವೇ ಜೋತು ನೆಲಕ್ಕೆ ಹತ್ತಿತು. ಕೊನೆಗೆ ಕಟ್ಟೆಯ ಮೇಲೆ ಹರವಿದೆವು. ನಮ್ಮ ಬಿಸಿಲಿಗೆ ಸಂಜೆಯೊಳಗೆ ಒಣಗಿತೇನೋ ನಿಜ, ಆದರೆ ಒಂದು ಹೊಲಿಗೆ ಬಿಚ್ಚಿಕೊಂಡು ಮಣಿ ಉದುರತೊಡಗಿತು. ವಾಪಸ್ ಕಳಿಸುತ್ತೇನೆ ಎಂದರೆ, ಒಗೆದದ್ದನ್ನು ತೆಗೆದುಕೊಳ್ಳುವುದಿಲ್ಲ ಅಂದರು. ಈಗಲೂ ಮಾಳಿಗೆಯಲ್ಲಿ ಬರಿಗಾಲಲ್ಲಿ ನಡೆದರೆ ಒಂದೆರಡು ಚುಚ್ಚುತ್ತವೆ.

ಇದಕ್ಕಿಂತ ಅವ್ವನ ಹಳೆ ಸೀರೆಯ ಕೌದಿ ಎಷ್ಟೋ ಮೇಲು. ಹತ್ತಿಯದು, ಬೆವರು ಹೀರುತ್ತದೆ, ಬೆಳಗಿನ ಜಾವಕ್ಕೆ ಸಾಕಷ್ಟು ಭಾರವೂ ಇದೆ.

ಬಿಸಿ ಹಾಲಿಗೆ ಜಾಯಿಕಾಯಿ ಹಾಕಿ ಕುಡಿದೆ. ರಾತ್ರಿ ಎದ್ದು ಬಚ್ಚಲಿಗೆ ಹೋಗಬೇಕಾಯಿತು, ಅಷ್ಟೇ.

ನಾಲ್ಕು ಎಣಿಸುತ್ತಾ ಉಸಿರು ತೆಗೆದುಕೊಂಡು, ಏಳು ಎಣಿಸುವವರೆಗೆ ಹಿಡಿದು, ಎಂಟು ಎಣಿಸುತ್ತಾ ಬಿಡುವ ಪದ್ಧತಿ ಒಂದಿದೆ. ತುಂಬಾ ಜನರಿಗೆ ಆಗಿಬರುತ್ತದೆ. ದಿನವಿಡೀ ಲೆಕ್ಕ ಬರೆಯುವವನಿಗೆ ಹಾಸಿಗೆಯಲ್ಲೂ ಎಣಿಸು ಅಂದರೆ ಹೇಗೆ? ಎಣಿಕೆ ಬಿಟ್ಟು ಸುಮ್ನೆ ಉಸಿರನ್ನು ಉದ್ದವಾಗಿ ಬಿಡುವುದಷ್ಟೇ ಉಳಿಸಿಕೊಂಡೆ.

ಬಿಸಿನೀರಿನ ಸ್ನಾನಕ್ಕೆ ಎರಡನೇ ಜಾಗ. ಸೆಕೆಯಲ್ಲಿ ಬಿಸಿನೀರಾ ಅನ್ನಬೇಡಿ. ಬಿಸಿನೀರು ಬಿದ್ದಾಗ ರಕ್ತ ಚರ್ಮದ ಕಡೆ ಬರುತ್ತದೆ, ಒಳಗಿನ ಶಾಖ ಹೊರಗೆ ಹೋಗುತ್ತದೆ, ಆಮೇಲೆ ಮೈ ತಣ್ಣಗಾಗುತ್ತದೆ. ಮಲಗುವ ಒಂದೆರಡು ತಾಸು ಮೊದಲು ಹತ್ತು ನಿಮಿಷ ಸಾಕು. ಗೀಸರ್ ಖರ್ಚೂ ಇಲ್ಲ, ಬೇಸಿಗೆಯಲ್ಲಿ ರಾತ್ರಿ ಒಂಬತ್ತಕ್ಕೂ ನಮ್ಮ ಮಾಳಿಗೆ ಟ್ಯಾಂಕಿನ ನೀರು ಬಿಸಿಯಾಗಿಯೇ ಇರುತ್ತದೆ!

ಇನ್ನು ನೋಟ್‌ಬುಕ್. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. 57 ಯುವಜನರನ್ನು ಮಲಗುವ ಮುಂಚೆ ಐದು ನಿಮಿಷ ಬರೆಯಲು ಕೂರಿಸಿದ್ದರು. ಮಾಡಿ ಮುಗಿಸಿದ ಕೆಲಸ ಬರೆದವರಿಗಿಂತ, ಮಾಡಬೇಕಾದ ಕೆಲಸ ಬರೆದವರು ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆ ಹೋದರು. ಎಷ್ಟು ಬಿಡಿಸಿ ಬರೆದರೆ ಅಷ್ಟು ಬೇಗ. ನನಗೂ ಹಾಗೇ ಆಯಿತು. "ಸಾಲದ ಚಿಂತೆ" ಅಂತ ಬರೆದ ದಿನ ನಿದ್ದೆ ಬರಲಿಲ್ಲ. "ಸೋಮವಾರ 11ಕ್ಕೆ ಬ್ಯಾಂಕಿಗೆ ಹೋಗಿ ಕಂತಿನ ತಾರೀಕು ಕೇಳುವುದು, ಪಾಸ್‌ಬುಕ್ ಒಯ್ಯುವುದು" ಅಂತ ಬರೆದ ದಿನ ಬಂತು. ಹಾಳೆಯ ಮೇಲೆ ಇಳಿದ ಲೆಕ್ಕವನ್ನು ತಲೆ ಮತ್ತೆ ಮತ್ತೆ ಕೂಡಿಸುವುದಿಲ್ಲ.

ಮೊಬೈಲಿನಲ್ಲೂ ಬರೆಯಬಹುದು ಅಲ್ವಾ ಅಂತ ತಂಗಿ ಕೇಳಿದಳು. ಬರೆಯಬಹುದು. ನಾನು ಬರೆಯಲು ತೆಗೆದವನು ಒಂದು ತಾಸು ರೀಲ್ಸ್ ನೋಡಿದೆ.

ಇದರ ಜೊತೆ ಎರಡು ಅಭ್ಯಾಸ ಮಾಡಿಕೊಂಡೆ. ಸಂಜೆ ಏಳರ ಚಾ ಬಿಟ್ಟೆ, ಯಾಕೆಂದರೆ ಕುಡಿದ ಐದಾರು ತಾಸಿಗೂ ಅದರ ಕೆಫೀನ್‌ನಲ್ಲಿ ಅರ್ಧದಷ್ಟು ಮೈಯಲ್ಲೇ ಇರುತ್ತದೆ. ಇಪ್ಪತ್ತು ನಿಮಿಷದಷ್ಟು ಹೊರಳಾಡಿದೆ ಅನ್ನಿಸಿದರೆ ಹಾಸಿಗೆ ಬಿಟ್ಟು ಮಾಳಿಗೆ ಮೆಟ್ಟಿಲ ಮೇಲೆ ಕೂರುತ್ತೇನೆ. ಗಡಿಯಾರ ನೋಡುವುದಿಲ್ಲ. ತೂಕಡಿಕೆ ಬಂದ ಮೇಲೆಯೇ ವಾಪಸ್. ಬೀದಿನಾಯಿಗಳಿಗೂ ಈಗ ನನ್ನ ಗುರುತಿದೆ.

ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಇಲ್ಲ ಅಂದರೆ ನೋಟ್‌ಬುಕ್ ನಂಬಿ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ. ಗುಳಿಗೆ ಇಲ್ಲದ ಚಿಕಿತ್ಸೆಯೂ ಇದೆ, ಕೇಳಿ ನೋಡಿ.

ಹೊದಿಕೆ ಈಗ ಟ್ರಂಕಿನ ಮೇಲಿದೆ. ಬೀದರಿನಲ್ಲಿ ಚಳಿ ಜಾಸ್ತಿ, ನಮಗೇ ಕೊಡು ಅಂತ ಅಲ್ಲಿನ ಭಾವ ಕೇಳಿದ್ದಾರೆ. ಕೊಡುತ್ತೇನೆ, ಬಸ್‌ಸ್ಟ್ಯಾಂಡಿನವರೆಗೆ ಅದನ್ನು ಯಾರು ಹೊರಬೇಕು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ.