ಹದಿನಾಲ್ಕ ವರ್ಷದಿಂದ ನೋಡಾಕತ್ತೇನಿ, ಅಜ್ಜ ಕೊಟ್ಟ ಮಾರ್ಕ್ಸ್ ಸಮೇತ ರಿವ್ಯೂ

ಹೌ ಟು ಟ್ರೇನ್ ಯುವರ್ ಡ್ರ್ಯಾಗನ್ ಅನ್ನೂ ಕಾರ್ಟೂನ್ ಪಿಚ್ಚರಿನ ಡಿವಿಡಿ ನಾ ತಗೊಂಡಿದ್ದು 2011ರಾಗ, ಹುಬ್ಬಳ್ಳಿ ದುರ್ಗದಬೈಲಿಗೆ ಅರಿವಿ ತರಾಕ ಹೋದಾಗ, ಪಿಚ್ಚರ್ ಬಂದು ಅಷ್ಟೊತ್ತಿಗೆ ಒಂದ ವರ್ಷ ಆಗಿತ್ತು. ಆಗ ನಾ ಕಾಲೇಜು, ಈಗ ನನ್ನ ಮಗಳಿಗೆ ಆರ ವರ್ಷ, ಎಷ್ಟ ಸರ್ತೆ ನೋಡೇವಿ ಅನ್ನೂದು ಲೆಕ್ಕ ಇಡೂದ ಬಿಟ್ಟೇವಿ. ಹಿಂಗಾಗಿ ಇದು ಫಸ್ಟ್ ಡೇ ಫಸ್ಟ್ ಶೋ ರಿವ್ಯೂ ಅಲ್ಲ ಮತ್ತ, ಅಂಥಾದ್ದು ಬೇಕಂದ್ರ ಇಲ್ಲೇ ಬಿಟ್ಟಬಿಡ್ರಿ.

ಕಥಿ ಗೊತ್ತಿಲ್ದವ್ರಿಗೆ: ಬರ್ಕ್ ಅಂತ ಒಂದು ದ್ವೀಪ, ಅಲ್ಲಿ ವೈಕಿಂಗ್ ಮಂದಿ, ಡ್ರ್ಯಾಗನ್ ಬಂದು ಕುರಿ ಹೊತ್ಕೊಂಡ ಹೋಗ್ತಾವ, ಊರ ಮುಖಂಡನ ಮಗ ಹಿಕಪ್ ಅಂತ ಒಬ್ಬ ಬಡಕಲ ಹುಡುಗ, ಅಂವಾ ಒಂದು ಕರೇ ಡ್ರ್ಯಾಗನ್ (ಮುಂದ ಅದಕ್ಕ ಟೂತ್‌ಲೆಸ್ ಅಂತ ಹೆಸರಿಡ್ತಾನ) ಹೊಡದ ಕೆಡವಿ, ಕೊಲ್ಲಾಕ ಆಗಲಾರದ ಹಗ್ಗ ಕೊಯ್ದು ಬಿಟ್ಟಬಿಡ್ತಾನ. ಕ್ರಿಸ್ ಸ್ಯಾಂಡರ್ಸ್ ಮತ್ತ ಡೀನ್ ಡಿಬ್ಲಾ ಡೈರೆಕ್ಷನ್, 98 ನಿಮಿಷ. ಕ್ರೆಸಿಡಾ ಕವೆಲ್ ಬರದ ಪುಸ್ತಕದಿಂದ ತಗೊಂಡಾರ, ಆದ್ರ ಪುಸ್ತಕದಾಗ ಟೂತ್‌ಲೆಸ್ ಸಣ್ಣದೊಂದು ಜೀವ, ಪಿಚ್ಚರಿನ್ಯಾಗ ಕುದುರಿಕ್ಕಿಂತ ದೊಡ್ಡದು.

ಈಗ ಅಜ್ಜನ ವಿಷಯಕ್ಕ ಬರ್ತೇನಿ. ನಮ್ಮಜ್ಜಂದು ಹಾವೇರಿ ಕಡೆ ಹಳ್ಳಿ, ಅಂವಾ ಕೊಬ್ಬರಿ ಹೋರಿ ಸಾಕಿದಾಂವ, ದೀಪಾವಳಿ ಹೊತ್ತಿನ್ಯಾಗ ಕೊರಳಾಗ ಕೊಬ್ಬರಿ ಸರಾ ಕಟ್ಟಿ ಬಿಡ್ತಾರಲ್ರಿ, ಹುಡುಗೂರು ಬೆನ್ನ ಹತ್ತಿ ಹರ್ಕೋತಾರ, ಆ ಹೋರಿ. ಹಬ್ಬಕ್ಕ ಹೋದಾಗ ಲ್ಯಾಪ್‌ಟಾಪಿನ್ಯಾಗ ಹಚ್ಚಿದೆ, ಅಜ್ಜಗ ಇಂಗ್ಲಿಷ್ ಬರೂದಿಲ್ಲ, ನಾ ಮಗ್ಗಲಕ ಕುಂತು ಕನ್ನಡದಾಗ ಹೇಳಾಕ ಹತ್ತಿದ್ದೆ. ಹುಡುಗ ಮೀನ ಹಿಡ್ಕೊಂಡ ಡ್ರ್ಯಾಗನ್ ಹತ್ರ ಹೋಗೂ ಸೀನ್ ಬಂತು, ಅಜ್ಜ ಕೈ ಮಾಡಿ "ನೀ ಬಾಯಿ ಮುಚ್ಚಲೇ" ಅಂದ. ಖರೇನ, ಅಲ್ಲಿ ಮಾತ ಬಾಳ ಕಡಿಮಿ, ಹೆಚ್ಚಾಗಿ ಜಾನ್ ಪವೆಲ್ ಮ್ಯೂಸಿಕ್. ಡ್ರ್ಯಾಗನ್ ಗುರ್ ಅಂತೈತಿ, ಯಾಕಂದ್ರ ಹುಡುಗನ ನಡಾದಾಗ ಚಾಕು ಐತಿ, ಅಂವಾ ಅದನ್ನ ತಗದು ನೀರಾಗ ಒಗೀತಾನ. "ಹಾಂ" ಅಂದ ಅಜ್ಜ. ಹೊಸಾ ಹೋರಿ ತಂದಾಗ ಎಂಟ ದಿನ ಬಾರಕೋಲ ಕೊಟ್ಟಿಗಿ ಒಳಗ ತರ್ತಿದ್ದಿಲ್ಲಂತ, ಹೊರಗ ಗ್ವಾಡಿಗೆ ಆನಿಸಿ ಹಿಂಡಿ ಬುಟ್ಟಿ ಅಷ್ಟ ತಗೊಂಡ ಹೋಗಾಂವ. ಆಮ್ಯಾಲೆ ಡ್ರ್ಯಾಗನ್ ಅರ್ಧಾ ಮೀನ ಕಾರಿ ಹುಡುಗನ ತೊಡಿಮ್ಯಾಲೆ ಹಾಕಿ, ನೀನೂ ತಿನ್ನು ಅಂತ ಪಿಳಿಪಿಳಿ ನೋಡ್ತದಲ್ಲ, ಅಜ್ಜ ನಕ್ಕ ನಕ್ಕ ಕೆಮ್ಮು ಹತ್ತಿ ಅಮ್ಮ ನೀರ ತರಬೇಕಾತು. ಕಡೀಕ ಹುಡುಗ ಮಾರಿ ಆಕಡೆ ತಿರುವಿ ಅಂಗೈ ಮುಂದ ಚಾಚ್ತಾನ, ಡ್ರ್ಯಾಗನ್ ತಾನ ಬಂದು ಮೂಗ ಹಚ್ಚತೈತಿ. "ಕಣ್ಣಾಗ ಕಣ್ಣಿಟ್ಟ ನೋಡಬಾರದು ಅನ್ನೂದು ಇಂವಗ ಯಾರ ಹೇಳಿಕೊಟ್ರು?" ಅಂತ ನನ್ನ ಕೇಳಿದ, ನನಗೇನ ಗೊತ್ತು.

ಹಂಗಂತ ಎಲ್ಲಾ ಒಪ್ಪಿದ ಅಂತಲ್ಲ. ಬಾಲದ ಒಂದು ರೆಕ್ಕಿ ಹರದಿರ್ತದ, ಹುಡುಗ ಚರ್ಮದ್ದು ಮಾಡಿ ಕಟ್ತಾನ, ಅದಕ್ಕ ಪೆಡಲ್, ಅಂವಾ ಕಾಲಲೆ ತುಳದ್ರ ಮಾತ್ರ ಹಾರ್ತದ. ನಾನೂ ಈ ಐಡಿಯಾಕ ಫಿದಾ. ಅಜ್ಜ ಮಾತ್ರ "ಒಬ್ಬನ ಕೈಗೇ ಒಗ್ಗಿದ ದನಾ ಮಾರಾಕೂ ಬರೂದಿಲ್ಲ, ಇಟ್ಕೊಳ್ಳಾಕೂ ಬರೂದಿಲ್ಲ, ನಾಳೆ ಈ ಹುಡುಗಗ ಜಡ್ಡ ಬಂದ್ರ?" ಅಂದ. ಕಡೀಕ ಊರ ತುಂಬ ಡ್ರ್ಯಾಗನ್ ಆಗ್ತಾವಲ್ಲ, ಎಲ್ಲಾರೂ ಖುಷಿ, ಅಜ್ಜಂದು ಒಂದ ಪ್ರಶ್ನೆ: "ಇಷ್ಟರ ಸೆಗಣಿ ಯಾರ ಬಳೀತಾರ?" ಇವತ್ತಿಗೂ ನಮ್ಮ ಮನ್ಯಾಗ ಯಾವ ಪಿಚ್ಚರ್ ಹ್ಯಾಪಿ ಎಂಡಿಂಗ್ ಆದ್ರೂ ಯಾರರ ಒಬ್ರು ಇದನ್ನ ಕೇಳೇ ಕೇಳ್ತಾರ. ಹತ್ತಕ್ಕ ಎಂಟ ಮಾರ್ಕ್ಸ್ ಕೊಟ್ಟ, ಎರಡ ಸೆಗಣಿಗೆ ಕಡಿಮಿ.

ಕಾಮಿಡಿ ಎಷ್ಟ ಬಾಳಿಕಿ ಬಂತು ಅಂದ್ರ, ಮಾತಿನ ಜೋಕ್ ಹಳೇವಾದು, ಹಿಕಪ್‌ನ ಜೋಡಿ ಇರೂ ಅವಳಿ ಜವಳಿ ಹುಡುಗ ಹುಡುಗಿ ಜಗಳ ಈಗ ನನಗ ಕಿರಿಕಿರಿ, ಮಗಳಿಗೆ ಮಾತ್ರ ಅದ ಬೇಕು. ಆದ್ರ ಟೂತ್‌ಲೆಸ್ ಬೆಕ್ಕಿನಂಗ ಬೆಳಕಿನ ಚುಕ್ಕಿ ಬೆನ್ನ ಹತ್ತೂದು, ಗದ್ದದ ಕೆಳಗ ತುರಿಸಿದ್ರ ಧೊಪ್ಪಂತ ಬೀಳೂದು, ಇವಕ್ಕ ಇನ್ನೂ ನಗು ಬರತೈತಿ. ಒಂದು ತಕರಾರ: ಅಪ್ಪಂದಿರು ಸ್ಕಾಟ್ಲೆಂಡ್ ಇಂಗ್ಲಿಷ್, ಮಕ್ಕಳು ಅಮೆರಿಕಾ ಇಂಗ್ಲಿಷ್, ಒಂದ ಮನ್ಯಾಗ ಹೆಂಗ್ರಿ? ಆದ್ರ ನಮ್ಮ ಮಗಳೂ ಬೆಂಗಳೂರ ಕನ್ನಡ ಮಾತಾಡ್ತಾಳ, ಹಿಂಗಾಗಿ ಸುಮ್ನಾಗೇನಿ.

ಎರಡನೇದು 2014ರಾಗ ಬಂತು, ಹಾರೂ ಸೀನ್ ಅಗದಿ ಛೊಲೊ, ಕಥಿ ತುಂಬಿ ಚೆಲ್ಲತೈತಿ. (ಮುಂದಿಂದು ನೋಡಿರದವ್ರು ದಾಟಿ ಓದ್ರಿ.) ದೊಡ್ಡ ಡ್ರ್ಯಾಗನ್ ವಶದಾಗ ಬಿದ್ದು ಟೂತ್‌ಲೆಸ್‌ನ ಬೆಂಕಿಗೇ ಹುಡುಗನ ಅಪ್ಪ ಸಾಯ್ತಾನ. ಸಣ್ಣ ಹುಡುಗೂರಿಗೆ ತೋರಸೂ ಮುಂಚೆ ಒಂದಪ ನೀವು ನೋಡ್ರಿ, ನಮ್ಮಕ್ಕನ ಮಗ ಮೂರ ದಿನ ಅವರಪ್ಪನ ಅಂಗಿ ಹಿಡ್ಕೊಂಡ ಅಡ್ಡ್ಯಾಡಿದ. ಅಜ್ಜ ಮಾತ್ರ "ಅದ್ರ ತಪ್ಪಲ್ಲ" ಅಂತಂದು ಎದ್ದು ಕೊಟ್ಟಿಗಿಗೆ ಹೋದ.

ಮೂರನೇದು 2019ರಾಗ ಬರೂದ್ರಾಗ ಅಜ್ಜ ಇದ್ದಿಲ್ಲ. ಅದ್ರಾಗ ವಿಲನ್ ಸಪ್ಪೆ, ನಡಬರಕ ನಿದ್ದಿ ಬರತೈತಿ, ಆದ್ರ ಕಡೀಕ ಡ್ರ್ಯಾಗನ್‌ಗಳನ್ನ ಬಿಟ್ಟ ಕಳಸ್ತಾರ, ಅಲ್ಲಿ ಮಾತ್ರ ನಾ ಅತ್ತೆ. ಅಜ್ಜ ತನ್ನ ಕಡೀ ಹೋರಿ ಮಾರಿದ ದಿನ ಟೆಂಪೋ ಹೋಗೂತನಕ ಪಡಸಾಲಿ ಕಂಬಕ್ಕ ಆತು ನಿಂತಿದ್ದ, ಹೋರಿದು ಹಗ್ಗ ಕೈಯಾಗ ಹಂಗ ಇತ್ತು, ತಗೊಂಡಾಂವ ಹೊಸಾ ಹಗ್ಗ ಹಾಕಿದ್ದ.

2025ರಾಗ ಮನಿಷ್ಯಾರನ್ನ ಹಾಕಿ ಮತ್ತ ಅದ ಕಥಿ ಮಾಡಿದ್ರು, ಡೀನ್ ಡಿಬ್ಲಾಂದ ಡೈರೆಕ್ಷನ್, ಅಪ್ಪನ ಪಾರ್ಟೂ ಮೊದ್ಲ ದನಿ ಕೊಟ್ಟ ಜೆರಾರ್ಡ್ ಬಟ್ಲರ್‌ದ. ಹುಬ್ಬಳ್ಳ್ಯಾಗ ಮಗಳನ್ನ ಕರ್ಕೊಂಡ ಹೋಗಿದ್ದೆ, ಎರಡ ತಾಸಿನ ಮ್ಯಾಲೆ ಐತಿ, ಕೆಟ್ಟಿಲ್ಲ, ಆದ್ರ ಕಂಡ ಸೀನೇ ಮತ್ತ ಕಾಣತಾವ. ರೊಕ್ಕ ಹೋತು ಅಂತ ಅನಿಸಲಿಲ್ಲ, ಬೇಕಿತ್ತು ಅಂತನೂ ಅನಿಸಲಿಲ್ಲ.

ಡಿವಿಡಿ ಈಗೂ ನಡೀತೈತಿ, ಮೀನದ ಸೀನಿಗೆ ಎರಡ ಕಡೆ ತಡೀತದ, ಅಲ್ಲೇ ಬಾಳ ರಿವೈಂಡ್ ಮಾಡೇವಿ. ಮಗಳು ಅಷ್ಟರಾಗ ಎದ್ದು ಟೀವಿಗೆ ಅಂಗೈ ಹಚ್ಚಿ ನಿಂದರ್ತಾಳ, ಮಾರಿ ನನ್ನ ಕಡೆ ತಿರುವಿ.