ಫ್ಲಾಕ್, ಎಂಪಿ3, ಓಪಸ್: ಲಿನಕ್ಸ್‌ನಲ್ಲಿ ಯಾವುದು ಯಾವುದಕ್ಕೆ?

ಸಿಡಿಗಳನ್ನು ಲ್ಯಾಪ್‌ಟಾಪಿಗೆ ಇಳಿಸುವುದೇನೋ ಸುಲಭ. ಯಾವ ಫಾರ್ಮ್ಯಾಟ್‌ನಲ್ಲಿ ಇಡೋದು ಅನ್ನೋದೇ ತಲೆನೋವು. ಅದಕ್ಕೇ ಒಂದು ವೀಣೆ ಕಛೇರಿಯ ಸಿಡಿ ಹಿಡಿದು ಉಬುಂಟು ಲಿನಕ್ಸಿನಲ್ಲಿ ಫ್ಲಾಕ್, ಎಂಪಿ3, ಓಪಸ್ ಮೂರನ್ನೂ ಹೋಲಿಸಿ ನೋಡಿದೆ. ಅದರಲ್ಲಿ ಮೃದಂಗದ ತನಿ ಆವರ್ತನ ಇತ್ತು. ಎನ್‌ಕೋಡರಿನ, ಅಂದರೆ ದನಿಯನ್ನು ಒತ್ತಿ ಚಿಕ್ಕದು ಮಾಡುವ ತಂತ್ರಾಂಶದ, ಬಣ್ಣ ಬಯಲಾಗುವುದು ಅಲ್ಲೇ.

ಎನ್‌ಕೋಡ್ ಮಾಡಿದ್ದನ್ನೆಲ್ಲ ಮತ್ತೆ ಒತ್ತದ ವೇವ್ ಫೈಲಿಗೆ ತಿರುಗಿಸಿ, ಹೆಸರು ಅದಲುಬದಲು ಮಾಡಿಕೊಡು ಅಂತ ತಂಗಿಗೆ ಹೇಳಿದೆ. ಹೆಸರು ಕಾಣುತ್ತಿದ್ದರೆ ಫ್ಲಾಕ್ ಚೆನ್ನಾಗಿಯೇ ಕೇಳಿಸುತ್ತದೆ, ಅಲ್ವಾ?

ಫ್ಲಾಕ್‌ನಲ್ಲಿ ಒಂದು ಬಿಟ್ ಕೂಡ ಕಳೆದುಹೋಗುವುದಿಲ್ಲ. ಸಿಡಿಯ ಆಡಿಯೋ ನಿಮಿಷಕ್ಕೆ ಸುಮಾರು 10 ಎಂಬಿ. ಈ ಕಛೇರಿ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯಿತು. ಎಷ್ಟು ಒತ್ತಬೇಕು ಅನ್ನೋ ಲೆವೆಲ್ 0ರಿಂದ 8ರವರೆಗೆ ಇದೆ, ಸುಮ್ನೆ ಬಿಟ್ಟರೆ 5. ಎಂಟಕ್ಕೆ ಏರಿಸಿದರೆ ದನಿ ಬದಲಾಗಲ್ಲ, ಫೈಲ್ ಚೂರು ಚಿಕ್ಕದಾಗುತ್ತದೆ ಅಷ್ಟೆ. ನಾನು ಐದಕ್ಕೇ ಬಿಟ್ಟಿದ್ದೇನೆ. ನನಗೆ ಇದರಲ್ಲಿ ಇಷ್ಟವಾದದ್ದು ಬೇರೆ: ಮೂಲ ಆಡಿಯೋದ ಎಂಡಿ5, ಅಂದರೆ ಬೆರಳಚ್ಚಿನಂಥ ಗುರುತು, ಫೈಲಿನೊಳಗೇ ಇರುತ್ತದೆ. ಹಳೆ ಹಾರ್ಡ್ ಡಿಸ್ಕಿನಲ್ಲಿ ಫೈಲ್ ಕೆಟ್ಟಿದೆಯಾ ಅಂತ ಟೆಸ್ಟ್ ಕಮಾಂಡ್ ಕೊಟ್ಟು ನೋಡಬಹುದು.

ಎಂಪಿ3ಗೆ ಬರೋಣ. ಅದರ ಎನ್‌ಕೋಡರ್ ಲೇಮ್‌ನಲ್ಲಿ 128 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಕಿಲೋಬಿಟ್) ಇಟ್ಟಾಗ ಮೃದಂಗದ ಪೆಟ್ಟು ಮಂಕಾಯಿತು. ಸರಿಯಾಗಿ ಕಿವಿಗೊಟ್ಟರೆ ಪೆಟ್ಟು ಬೀಳುವ ಮುಂಚೆಯೇ ಸಣ್ಣದೊಂದು 'ಶ್' ಕೇಳುತ್ತದೆ. ಎಂಪಿ3 ದನಿಯನ್ನು ತುಂಡು ತುಂಡು ಮಾಡಿ ಒತ್ತುತ್ತದೆ. ಪೆಟ್ಟಿನ ಗದ್ದಲ ಆ ಇಡೀ ತುಂಡಿಗೆ ಹರಡಿಕೊಳ್ಳುತ್ತದೆ. ಲೇಮ್‌ನ ವಿ0 ಗುಣಮಟ್ಟಕ್ಕೆ ಏರಿಸಿದ ಮೇಲೆ, ಅಂದರೆ ಸರಾಸರಿ 245 ಕೆಬಿಪಿಎಸ್ ಆಸುಪಾಸಿನಲ್ಲಿ, ಮೂಲ ಯಾವುದು ನಕಲು ಯಾವುದು ಅಂತ ನನಗೆ ಹೇಳಲಾಗಲಿಲ್ಲ. ಹಾಗಾಗಿ 320 ಕೊಟ್ಟು ಜಾಗ ತಿನ್ನಿಸುವುದು ನನಗಂತೂ ದಂಡ.

ಓಪಸ್ 2012ರಲ್ಲಿ ಬಂದದ್ದು. ಇದೇ ನನ್ನನ್ನು ಬೆರಗುಗೊಳಿಸಿದ್ದು. ಎಂಪಿ3 ಮುಗ್ಗರಿಸಿದ ಅದೇ 128ರಲ್ಲಿ ಮೃದಂಗ ಗಟ್ಟಿಯಾಗಿ ನಿಂತಿತು, ತಂಬೂರಿಯ ಝೇಂಕಾರ ಕೂಡ ಹಾಗೇ ಉಳಿಯಿತು. ಸಿಡಿಯ 44.1 ಕಿಲೋಹರ್ಟ್ಸನ್ನು ಅದು 48ಕ್ಕೆ ಬದಲಿಸಿಕೊಳ್ಳುತ್ತದೆ ಅಂತ ಕೆಲವರು ಮೂಗು ಮುರಿಯುತ್ತಾರೆ. ನನ್ನ ಕಿವಿಗಂತೂ ಗೊತ್ತಾಗಲಿಲ್ಲ.

ಬೇರೆ ಫಾರ್ಮ್ಯಾಟ್‌ಗಳೂ ಇವೆ. ವಾರ್ಬಿಸ್ ಕೆಟ್ಟದ್ದಲ್ಲ, ಆದರೆ ಅದನ್ನು ತಂದವರೇ ಈಗ ಓಪಸ್ ಬಳಸಿ ಅನ್ನುತ್ತಾರೆ. ಎಎಸಿಗೆ ಒಳ್ಳೆಯ ಎನ್‌ಕೋಡರ್ ಬೇಕೆಂದರೆ ಲೈಸೆನ್ಸ್ ತಕರಾರಿನಿಂದ ಎಫ್‌ಎಫ್‌ಎಂಪೆಗ್ಗನ್ನು (ಆಡಿಯೋ, ವಿಡಿಯೋ ಬದಲಿಸುವ ತಂತ್ರಾಂಶ) ನಾವೇ ಕಂಪೈಲ್ ಮಾಡಬೇಕಾಗಬಹುದು. ಯಾರಿಗೆ ಬೇಕು ಆ ರಗಳೆ?

ಈಗ ಡಿಸ್ಕಿನಲ್ಲಿ ಫ್ಲಾಕ್, ಫೋನಿನಲ್ಲಿ ಓಪಸ್. ಕಾರಿನ ಹಳೆ ಸ್ಟೀರಿಯೋಗೆ ಎಂಪಿ3 ಬಿಟ್ಟರೆ ಬೇರೇನೂ ಗೊತ್ತಿಲ್ಲ, ಹಾಗಾಗಿ ಪೆನ್‌ಡ್ರೈವಿಗೆ ವಿ0. ಎರಡನ್ನೂ ಫ್ಲಾಕ್‌ನಿಂದಲೇ ಮಾಡಿಕೊಳ್ಳಿ. ಎಂಪಿ3ಯನ್ನು ಓಪಸ್‌ಗೆ ತಿರುಗಿಸಿದರೆ ಕಳೆದದ್ದು ವಾಪಸ್ ಬರಲ್ಲ, ಇನ್ನಷ್ಟು ಹೋಗುತ್ತದೆ. ಓಪಸ್‌ನ ಎನ್‌ಕೋಡರ್ ಫ್ಲಾಕನ್ನು ನೇರವಾಗಿ ಓದಿ ರಾಗ, ಕಲಾವಿದರ ಹೆಸರನ್ನೆಲ್ಲ ತಾನೇ ತಂದುಕೊಳ್ಳುತ್ತದೆ. ಲೇಮ್ ಈ ಹೆಸರುಗಳನ್ನು, ಅಂದರೆ ಟ್ಯಾಗ್‌ಗಳನ್ನು, ತಾನೇ ತಂದುಕೊಳ್ಳಲ್ಲ. ಟ್ಯಾಗ್ ಉಳಿಯಬೇಕಿದ್ದರೆ ಎಫ್‌ಎಫ್‌ಎಂಪೆಗ್ ಮೂಲಕ ಲೇಮ್ ಓಡಿಸಿ.