ಕ್ಯಾಂಪಸ್‌ನ ಮೆಕ್ಸಿಕನ್ ರಾತ್ರಿ: ತಮಾಲೆಗೆ ಬೇಗ ಹೋಗಿ, ಘೋಷಣೆ ತನಕ ಇರಿ

ನಾನು ಓದುತ್ತಿರುವುದು ಅಮೆರಿಕದಲ್ಲಿ. ನಮ್ಮ ಕಾಲೇಜಿನ ಡೈನಿಂಗ್ ಹಾಲ್‌ನಲ್ಲಿ ಸೆಪ್ಟೆಂಬರ್ 15ರ ರಾತ್ರಿ, ಮೆಕ್ಸಿಕೊ ಸ್ವಾತಂತ್ರ್ಯದ ಹಬ್ಬಕ್ಕೆ ಅಂತ, ಮೆಕ್ಸಿಕನ್ ಊಟ, ಹಾಡು, ಕುಣಿತ ಎಲ್ಲಾ ಇತ್ತು. ಮೀಲ್ ಪ್ಲಾನ್ ಇಲ್ಲದವರಿಗೆ 14 ಡಾಲರ್. ಕೊಟ್ಟ ದುಡ್ಡಿಗೆ ಮೋಸವಿಲ್ಲ, ಆದರೆ ಹಾಲ್‌ನ ಆ ಬದಿಗೂ ಈ ಬದಿಗೂ ಅಜಗಜಾಂತರ.

ಒಂದು ಬದಿ ಮೆಕ್ಸಿಕನ್ ಮೂಲದ ವಿದ್ಯಾರ್ಥಿಗಳದ್ದು. ಮೊದಲು ಅಲ್ಲಿಗೇ ಹೋಗಿ. ತಮಾಲೆ ಅಂದರೆ ಮೆಕ್ಕೆಜೋಳದ ಹಿಟ್ಟಿನೊಳಗೆ ಹೂರಣ ಇಟ್ಟು, ತೆನೆಯ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುವುದು, ಎಲೆ ಕಡುಬಿನ ನೆಂಟ ಅಂದುಕೊಳ್ಳಿ. ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ಹೊಟ್ಟು ತೊಳೆದು ರುಬ್ಬುತ್ತಾರೆ. ಸ್ಪೇನಿನವರು ಬರುವುದಕ್ಕೆ ಎಷ್ಟೋ ಮುಂಚಿನ ವಿದ್ಯೆ ಇದು, ಜೋಳದಲ್ಲಿರುವ ನಿಯಾಸಿನ್ ಅನ್ನುವ ವಿಟಮಿನ್ ಸರಿಯಾಗಿ ಮೈಗೆ ಹತ್ತುವುದೂ ಈ ಸುಣ್ಣದಿಂದಲೇ. ಸುಟ್ಟ ಪೊಬ್ಲಾನೊ ಮೆಣಸಿನಕಾಯಿ, ಚೀಸ್ ತುಂಬಿದ್ದನ್ನು ನಾನು ಮೂರು ತಿಂದೆ. ಜೊತೆಗೆ ಪುಂಡಿ ಜಾತಿಯ ಗಿಡದ ಕೆಂಪು ಹೂವಿನ ಪಾನಕ, ಹಮಾಯ್ಕಾ ಅನ್ನುತ್ತಾರೆ, ಹುಳಿ ಸಿಹಿ ಎರಡೂ ಹದವಾಗಿತ್ತು.

ಸಸ್ಯಾಹಾರಿಗಳು ಗಮನಿಸಿ: ತಮಾಲೆ ಹಿಟ್ಟಿಗೆ, ಹುರಿದ ಬೀನ್ಸ್‌ಗೆ ಸಾಂಪ್ರದಾಯಿಕವಾಗಿ ಹಂದಿ ಕೊಬ್ಬು ಹಾಕುತ್ತಾರೆ. ಈ ಹುಡುಗರು ಎಣ್ಣೆಯದ್ದನ್ನು ಬೇರೆ ಪಾತ್ರೆಯಲ್ಲೇ ಇಟ್ಟು ಚೀಟಿ ಅಂಟಿಸಿದ್ದರು. ಬೇರೆ ಕಡೆ ಕೇಳಿಯೇ ತಿನ್ನಿ.

ಇನ್ನೊಂದು ಬದಿ ಡೈನಿಂಗ್‌ನವರದ್ದು. ತಣ್ಣಗಾದ ಟ್ಯಾಕೊ, ಚಿಪ್ಸ್, ಚೀಸ್ ಸಾಸ್. ಅದಾದರೂ ಪರವಾಗಿಲ್ಲ, ಫೋಟೊಗೆ ಅಂತ ದೊಡ್ಡ ಟೋಪಿ, ಅಂಟಿಸುವ ಮೀಸೆ ಇಟ್ಟಿದ್ದು ನೋಡಿ ನನಗೆ ನಿಜವಾಗಿ ಬೇಜಾರಾಯಿತು. ಒಂದು ಜನರ ಹಬ್ಬ ಅಂದರೆ ಇಷ್ಟೇನಾ? ಗೋಡೆ ಮೇಲೆ 'ಸಿಂಕೊ ದೆ ಮಾಯೊ' ಬ್ಯಾನರ್ ಬೇರೆ. ಅದು ಮೇ 5, 1862ರಲ್ಲಿ ಪ್ವೆಬ್ಲಾದಲ್ಲಿ ಫ್ರೆಂಚ್ ಸೈನ್ಯವನ್ನು ಸೋಲಿಸಿದ ದಿನ. ಸ್ವಾತಂತ್ರ್ಯದ ದಿನ ಸೆಪ್ಟೆಂಬರ್ 16. ಪಕ್ಕದ ಟೇಬಲ್‌ನಲ್ಲಿ ಒಂದು ಮಾತು ಕೇಳಿದ್ದರೆ ಸಾಕಿತ್ತು, ಅಲ್ವಾ?

ಆದರೂ ಊಟ ಮುಗಿಸಿ ಸುಮ್ನೆ ಎದ್ದು ಬರಬೇಡಿ. 1810ರಲ್ಲಿ ಡೊಲೊರೆಸ್ ಅನ್ನುವ ಊರಲ್ಲಿ ಪಾದ್ರಿ ಮಿಗೆಲ್ ಇದಾಲ್ಗೊ ಚರ್ಚಿನ ಗಂಟೆ ಬಾರಿಸಿ ಜನರನ್ನು ಸ್ಪೇನಿನ ಆಳ್ವಿಕೆಯ ವಿರುದ್ಧ ದಂಗೆಗೆ ಕರೆದರು. ಆ ಕರೆಯ ನೆನಪಿಗೆ ಮೆಕ್ಸಿಕೊದ ಅಧ್ಯಕ್ಷರು ಈಗಲೂ ಪ್ರತಿ ವರ್ಷ 15ರ ರಾತ್ರಿ ಗಂಟೆ ಬಾರಿಸುತ್ತಾರೆ. ಇಲ್ಲಿ ಒಬ್ಬ ಹುಡುಗಿ ಕುರ್ಚಿ ಮೇಲೆ ನಿಂತು ಕೈಗಂಟೆ ಬಾರಿಸಿದಳು. ಇದಾಲ್ಗೊ, ಮೊರೆಲೊಸ್, ಹೊಸೆಫಾ ಒರ್ತಿಸ್ ಅಂತ ಸ್ವಾತಂತ್ರ್ಯಕ್ಕೆ ಹೋರಾಡಿದವರ ಒಂದೊಂದು ಹೆಸರಿಗೂ ಇಡೀ ಹಾಲ್ 'ವಿವಾ!', ಅಂದರೆ ಜೈ, ಅಂತು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಂಗಸರು ಕೈ ಒರೆಸಿಕೊಂಡು ಹೊರಗೆ ಬಂದು ಎಲ್ಲರಿಗಿಂತ ಜೋರಾಗಿ ಕೂಗಿದರು.

ಬಾಗಿಲು ತೆಗೆಯುವುದು ಆರಕ್ಕೆ. ಏಳೂವರೆಗೆಲ್ಲ ತಮಾಲೆ ಖಾಲಿ.